ಬಚ್ಚಲಮನೆಯ ಬೂಷ್ಟು

ಮಳೆಗಾಲ ಹಿಡಿದು ಹದಿನೈದು ದಿನ ಕಳೆಯುವಷ್ಟರಲ್ಲಿ ಬಚ್ಚಲಮನೆಯ ಮೂಲೆಗಳಲ್ಲಿ ಕರಿಯ ಚುಕ್ಕೆಗಳು ತಲೆದೋರುವುದನ್ನು ವಾಚಕರು ನೋಡಿಯೇ ಇರುತ್ತಾರೆ. ಪಟ್ಟಣದ ಮನೆಗಳಲ್ಲಿ ತುಂತುರು ಸ್ನಾನದ ನೀರು ಆಚೆ ಸಿಡಿಯದಿರಲೆಂದು ಪ್ಲಾಸ್ಟಿಕ್ ಪರದೆಯನ್ನು ಇಳಿಬಿಡುವುದುಂಟು. ಅದರ ಕೆಳ ಅಂಚನ್ನು ಮಗುಚಿ ನೋಡಿದರೆ ಲೋಳೆಯಂತಹ ಗುಲಾಬಿ ಬಣ್ಣದ ಪೊರೆಯೊಂದು, ಅದರ ಮೇಲೆ ಮಸಿ ಚಿಮುಕಿಸಿದಂತಹ ಕಲೆಗಳು ಕಾಣುತ್ತವೆ. ಉಜ್ಜಿದರೆ ಹೋಗುತ್ತವೆ; ವಾರ ಕಳೆದರೆ ಮತ್ತೆ ಅಲ್ಲಿಯೇ ಇರುತ್ತವೆ. ಇವು ಎಲ್ಲಿಂದ ಬರುತ್ತವೆ, ಏಕೆ ಮರಳಿ ಬರುತ್ತವೆ ಎಂಬುದನ್ನು ವಿಚಾರ ಮಾಡುವುದು ಈ ಲೇಖನದ ಉದ್ದೇಶ. ಈ ಕಲೆಯನ್ನು ತೆಗೆಯಹೊರಟು ನಾವೇ ಒಮ್ಮೆ ಪ್ರಾಣಕ್ಕೆ ಸಂಚಕಾರ ತಂದುಕೊಳ್ಳುವುದರಲ್ಲಿದ್ದೆವು. ಆ ಸಂಗತಿಯನ್ನು ಮುಂದೆ ಹೇಳುತ್ತೇವೆ.

ಬೂಷ್ಟು ಎಂಬುದು ಶಿಲೀಂಧ್ರ. ಅಣಬೆಯ ಕುಲಕ್ಕೆ ಸೇರಿದ ಸಣ್ಣ ಜೀವಿ. ಕ್ಲಾಡೋಸ್ಪೋರಿಯಂ, ಆಸ್ಪರ್ಜಿಲಸ್, ಪೆನಿಸಿಲಿಯಂ ಮೊದಲಾದವುಗಳ ಬೀಜಾಣುಗಳು ನಾವು ಉಸಿರಾಡುವ ಗಾಳಿಯಲ್ಲಿ ಎಲ್ಲೆಲ್ಲಿಯೂ ತೇಲಾಡುತ್ತಿರುತ್ತವೆ. ಅವುಗಳನ್ನು ಮನೆಯೊಳಕ್ಕೆ ಬಾರದಂತೆ ತಡೆಯುವುದು ಯಾರಿಂದಲೂ ಆಗದ ಮಾತು. ಗುಲಾಬಿ ಲೋಳೆಯಾದರೋ ಬೂಷ್ಟಲ್ಲ, ಬ್ಯಾಕ್ಟೀರಿಯಗಳ ವಸಾಹತು. ಅಮೆರಿಕದ ಕೆಲವು ವಿಜ್ಞಾನಿಗಳು ಬಚ್ಚಲ ಪರದೆಯ ಈ ಪೊರೆಯನ್ನೇ ಪ್ರಯೋಗಾಲಯಕ್ಕೆ ಒಯ್ದು ಪರೀಕ್ಷಿಸಿ 2004ರಲ್ಲಿ ವರದಿ ಪ್ರಕಟಿಸಿದರು. ಸ್ಫಿಂಗೊಮೊನಾಸ್ ಮತ್ತು ಮಿಥೈಲೊಬ್ಯಾಕ್ಟೀರಿಯಂ ಎಂಬ ಜಾತಿಗಳು ಅದರಲ್ಲಿ ಹೇರಳವಾಗಿದ್ದುವು. ಆರೋಗ್ಯವಂತರಿಗೆ ಇವುಗಳಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಉಬ್ಬಸವಿರುವವರಿಗೆ ಬೂಷ್ಟಿನ ಬೀಜಾಣುಗಳು ಉಪದ್ರವ ಕೊಡುತ್ತವೆ. ಆದುದರಿಂದ ಇದು ಕೇವಲ ಅಂದಚಂದದ ಪ್ರಶ್ನೆಯಲ್ಲ.

ಬೀಜಾಣು ಮೊಳೆಯಲು ಬೇಕಾದುವು ಎರಡೇ: ಆಹಾರ ಮತ್ತು ತೇವ. ಆಹಾರವನ್ನು ನಾವೇ ಒದಗಿಸುತ್ತೇವೆ. ಮೈಯಿಂದ ಉದುರಿದ ಚರ್ಮದ ಹೊಟ್ಟು, ಎಣ್ಣೆಯ ಜಿಡ್ಡು, ಎಲ್ಲಕ್ಕಿಂತ ಹೆಚ್ಚಾಗಿ ಸಾಬೂನಿನ ಗಸಿ. ಕೊಳವೆಬಾವಿಯ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಲವಣಗಳು ಇರುತ್ತವಷ್ಟೆ. ಅವು ಸಾಬೂನಿನೊಡನೆ ಕೂಡಿ ನೀರಿನಲ್ಲಿ ಕರಗದ ಬಿಳಿಯ ಗಸಿಯಾಗಿ ಪರದೆಗೂ ಗೋಡೆಗೂ ಅಂಟಿಕೊಳ್ಳುತ್ತವೆ. ಪ್ಲಾಸ್ಟಿಕ್ಕನ್ನು ಮೆದುಗೊಳಿಸಲು ಬೆರೆಸಿದ ದ್ರವ್ಯವನ್ನೇ ತಿಂದು ಬದುಕುವ ಶಿಲೀಂಧ್ರಗಳೂ ಉಂಟು! ಹೀಗೆ ಉಪವಾಸ ಕೆಡವಿ ಬೂಷ್ಟನ್ನು ಗೆಲ್ಲುವುದು ಕಷ್ಟ. ಉಳಿದದ್ದು ತೇವ. ಇಲ್ಲಿ ಭೌತವಿಜ್ಞಾನಕ್ಕೆ ಕೆಲಸವಿದೆ.

ಉದ್ದ 2 ಮೀಟರು, ಅಗಲ ಒಂದೂವರೆ, ಎತ್ತರ ಎರಡೂವರೆ ಮೀಟರು ಇರುವ ಬಚ್ಚಲಮನೆಯೊಂದನ್ನು ಕಲ್ಪಿಸಿಕೊಳ್ಳೋಣ. ಅದರ ಗಾತ್ರ ಏಳೂವರೆ ಘನ ಮೀಟರು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರು ಗಾಳಿ ಹೆಚ್ಚೆಂದರೆ ಸುಮಾರು 23 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. ಎಂದರೆ ಸ್ನಾನ ಮುಗಿದಾಗ ಕೋಣೆಯ ಗಾಳಿಯೆಲ್ಲ ಆವಿಯಿಂದ ಸಂತೃಪ್ತವಾಗಿದ್ದರೂ ಅದರಲ್ಲಿರುವ ನೀರು ಸುಮಾರು 170 ಗ್ರಾಂ, ಒಂದು ಲೋಟಕ್ಕಿಂತ ಕಡಮೆ. ಗೋಡೆ, ನೆಲ ಮತ್ತು ಪರದೆಯ ಎರಡು ಮುಖಗಳ ಮೇಲಿರುವ ನೀರಿನ ಲೆಕ್ಕವೇ ಬೇರೆ. ಒದ್ದೆಯಾದ ಮೇಲ್ಮೈ ಒಟ್ಟು 15 ಚದರ ಮೀಟರು, ನೀರಿನ ಪೊರೆಯ ದಪ್ಪ ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗ ಎಂದಿಟ್ಟುಕೊಂಡರೂ ಅದು 750 ಗ್ರಾಂ ಆಗುತ್ತದೆ. ಸ್ನಾನವಾದ ಮೇಲೆ ಬಾಗಿಲನ್ನು ಒಮ್ಮೆ ತೆರೆದು ಹಬೆಯನ್ನು ಹೊರಕ್ಕೆ ಬಿಟ್ಟು "ಗಾಳಿ ಆಡಿತು" ಎಂದು ಸಮಾಧಾನಪಡುವವರು ಈ ಎರಡು ಅಂಕೆಗಳನ್ನು ಹೋಲಿಸಿ ನೋಡಬೇಕು.

ಈ 750 ಗ್ರಾಂ ನೀರನ್ನು ಗಾಳಿಯೇ ಹೊತ್ತೊಯ್ಯಬೇಕಾದರೆ ಎಷ್ಟು ಗಾಳಿ ಬೇಕು? ಹೊರಗಿನಿಂದ ಬರುವ ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ 80 ಇದ್ದರೆ ಅದರಲ್ಲಿ ಆಗಲೇ ಘನ ಮೀಟರಿಗೆ 18.4 ಗ್ರಾಂ ಆವಿ ಇದೆ. ಅದು ಇನ್ನು 4.6 ಗ್ರಾಂ ಮಾತ್ರ ಹೊರಬಲ್ಲದು. 750ನ್ನು 4.6ರಿಂದ ಭಾಗಿಸಿದರೆ ಸುಮಾರು 163 ಘನ ಮೀಟರು. ಕೋಣೆಯ ಗಾಳಿ ಇಪ್ಪತ್ತೆರಡು ಸಲ ಪೂರ್ತಿ ಬದಲಾಗಬೇಕು! ಗಂಟೆಗೆ 100 ಘನ ಮೀಟರು ಗಾಳಿಯನ್ನು ಹೊರದೂಡುವ ಸಣ್ಣ ಪಂಖಕ್ಕೆ ಇದು ಒಂದೂವರೆ ಗಂಟೆಗೂ ಮೀರಿದ ಕೆಲಸ. ಬೇಸಗೆಯಲ್ಲಿ ಆರ್ದ್ರತೆ ನೂರಕ್ಕೆ 50 ಇದ್ದಾಗ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಮಡಿಕೇರಿಯಲ್ಲೋ ಆಗುಂಬೆಯಲ್ಲೋ ಆಷಾಢದ ಮಳೆ ಸುರಿಯುತ್ತ ಆರ್ದ್ರತೆ 90ಕ್ಕೆ ಏರಿದಾಗ ಇದೇ ಉಷ್ಣತೆಯಲ್ಲಿ ಮೂರು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಹೊರಹೋಗುವ ಗಾಳಿ ಪೂರ್ತಿ ಸಂತೃಪ್ತವಾಗಿರುತ್ತದೆ ಎಂಬ ನಮ್ಮ ಊಹೆ ಉದಾರವಾದದ್ದು. ವಾಸ್ತವದಲ್ಲಿ ಇನ್ನೂ ತಡವಾಗುತ್ತದೆ. ಅಷ್ಟರಲ್ಲಿ ಮನೆಯಲ್ಲಿ ಮತ್ತೊಬ್ಬರ ಸ್ನಾನದ ಹೊತ್ತಾಗಿರುತ್ತದೆ.

ಇನ್ನು ರಬ್ಬರು ಪಟ್ಟಿಯಿಂದಲೋ ಬಟ್ಟೆಯಿಂದಲೋ ಗೋಡೆಯ ನೀರನ್ನು ಎಳೆದು ಹಾಕಿದರೆ ಏನಾಗುತ್ತದೆ? ಮುಕ್ಕಾಲು ಪಾಲು ನೀರು ಆವಿಯಾಗುವ ಗೊಡವೆಯೇ ಇಲ್ಲದೆ ಒಂದೆರಡು ನಿಮಿಷಗಳಲ್ಲಿ ಮೋರಿಗೆ ಇಳಿಯುತ್ತದೆ. ಪಂಖದ ಒಂದೂವರೆ ಗಂಟೆ ಇಪ್ಪತ್ತೈದು ನಿಮಿಷಕ್ಕೆ ಇಳಿಯುತ್ತದೆ. ಬಚ್ಚಲಿಗೆ ಕಾಲಿಟ್ಟವರೆಲ್ಲ ಬರುವಾಗ ಕಡ್ಡಿಪೊರಕೆಯಿಂದ ನೀರು ತಳ್ಳಿ ಬರಬೇಕೆಂದು ನಮ್ಮ ಅಜ್ಜಿ ಮಾಡಿದ್ದ ಕಟ್ಟಳೆಯ ಬೆಲೆ ನಮಗೆ ತಿಳಿದದ್ದು ಈ ಲೆಕ್ಕ ಹಾಕಿದ ಮೇಲೆಯೇ.

ಅಜ್ಜಿಯ ಬಚ್ಚಲಿನಲ್ಲಿ ಇನ್ನೊಂದು ಅನುಕೂಲವೂ ಇದ್ದಿತು. ಮಲೆನಾಡಿನ ಹಳೆಯ ಮನೆಗಳಲ್ಲಿ ತಾಮ್ರದ ಹಂಡೆಯನ್ನು ಬಚ್ಚಲಿನಲ್ಲಿಯೇ ಒಲೆಯ ಮೇಲೆ ಹೂಡಿರುತ್ತಿದ್ದರು. ಒಲೆಯ ಉರಿ ತೇವದ ಗಾಳಿಯನ್ನು ಹೆಂಚಿನ ಸಂದುಗಳಿಂದ ಮೇಲಕ್ಕೆ ಕಳುಹಿಸುತ್ತಿತ್ತು. ಬಿಸಿಯಾದ ಗೋಡೆಯ ಮೇಲೆ ಆವಿ ಇಬ್ಬನಿಗಟ್ಟುತ್ತಿರಲಿಲ್ಲ. ಬಿಸಿಯ ಪ್ರಭಾವ ಎಷ್ಟೆಂಬುದನ್ನು ನೋಡಿ: 25 ಡಿಗ್ರಿಯಲ್ಲಿ ನೂರಕ್ಕೆ 90 ಆರ್ದ್ರತೆಯುಳ್ಳ ಗಾಳಿಯನ್ನು 30 ಡಿಗ್ರಿಗೆ ಕಾಯಿಸಿದರೆ ಸಾಕು, ಒಂದು ತೊಟ್ಟು ನೀರನ್ನೂ ತೆಗೆಯದೆ ಅದರ ಆರ್ದ್ರತೆ 68ಕ್ಕೆ ಇಳಿಯುತ್ತದೆ. ಆರ್ದ್ರತೆ 80ರ ಆಸುಪಾಸು ಅಥವಾ ಮೇಲೆ ದಿನಗಟ್ಟಲೆ ನಿಂತ ಮೇಲ್ಮೈಯಲ್ಲಿ ಬೂಷ್ಟು ಹುಲುಸಾಗುತ್ತದೆ. ಅದಕ್ಕಿಂತ ಸಾಕಷ್ಟು ಕೆಳಗಿದ್ದರೆ ಕುಗ್ಗುತ್ತದೆ. ಕರಾವಳಿಯವರು ಬಟ್ಟೆಯ ಬೀರುವಿನಲ್ಲಿ ಸಣ್ಣ ತಂತಿದೀಪವೊಂದನ್ನು ಉರಿಸಿಡುತ್ತಿದ್ದುದರ ಗುಟ್ಟೂ ಇದೇ. ಹಾಗೆಂದು ಹಂಡೆಯೊಲೆಗೆ ಹಿಂದಿರುಗಬೇಕೆಂದು ನಾವು ಹೇಳುತ್ತಿಲ್ಲ. ಅದರ ಹೊಗೆಯಲ್ಲಿ ಕಣ್ಣು ಉಜ್ಜಿಕೊಂಡು ಕೆಮ್ಮಿದ ಹೆಂಗಸರನ್ನು ನಾವು ಕಂಡಿದ್ದೇವೆ.

ಪರದೆಯ ವಿಷಯಕ್ಕೆ ಬರೋಣ. ತುಂತುರು ಬಿಟ್ಟೊಡನೆ ಪರದೆ ಒಳಕ್ಕೆ ಉಬ್ಬಿ ಕಾಲಿಗೆ ಅಂಟಿಕೊಳ್ಳುವುದು ಎಲ್ಲರ ಅನುಭವ. ಮಸ್ಸಾಚುಸೆಟ್ಸ್ ವಿಶ್ವವಿದ್ಯಾನಿಲಯದ ಡೇವಿಡ್ ಷ್ಮಿಟ್ ಎಂಬವರು ಗಣಕಯಂತ್ರದಿಂದ ಲೆಕ್ಕ ಹಾಕಿ, ಹನಿಗಳ ಎಳೆತದಿಂದ ಗಾಳಿಯಲ್ಲಿ ಸುಳಿಯೊಂದು ಏಳುತ್ತದೆ, ಅದರ ನಡುವಣ ಕಡಮೆ ಒತ್ತಡ ಪರದೆಯನ್ನು ಸೆಳೆಯುತ್ತದೆ ಎಂದು ತೋರಿಸಿದರು. 2001ರಲ್ಲಿ ಅವರಿಗೆ ಇಗ್ ನೊಬೆಲ್ ಎಂಬ ವಿನೋದದ ಬಹುಮಾನವೂ ಬಂದಿತು. ಬೂಷ್ಟಿನ ದೃಷ್ಟಿಯಿಂದ ಮುಖ್ಯವಾದದ್ದು ಸ್ನಾನವಾದ ಮೇಲಿನ ಸ್ಥಿತಿ. ಮಡಿಕೆಗಳನ್ನು ಒತ್ತರಿಸಿ ಪರದೆಯನ್ನು ಮೂಲೆಗೆ ಸರಿಸಿದರೆ ಮಡಿಕೆಯೊಳಗಿನ ಗಾಳಿ ಅಲುಗದೆ ಸಂತೃಪ್ತವಾಗಿಯೇ ನಿಲ್ಲುತ್ತದೆ. ವಿದ್ಯಾರ್ಥಿಗಳು ಎರಡು ಸಮನಾದ ಕರವಸ್ತ್ರಗಳನ್ನು ನೆನೆಸಿ ಹಿಂಡಿ, ಒಂದನ್ನು ಹರಡಿ, ಇನ್ನೊಂದನ್ನು ನಾಲ್ಕು ಮಡಿಕೆ ಮಾಡಿ ನೇತುಹಾಕಿ, ಅರ್ಧ ಗಂಟೆಗೊಮ್ಮೆ ತಕ್ಕಡಿಯಲ್ಲಿ ತೂಗಿ ನಕ್ಷೆ ಬರೆದರೆ ಒಣಗುವ ವೇಗದ ಅಂತರ ತಾನಾಗಿ ಗೋಚರಿಸುತ್ತದೆ. ಪರದೆಯನ್ನು ಪೂರ್ತಿ ಹರಡಿ ಬಿಡಬೇಕು.

ಕೊಳೆಯಾದ ಪರದೆಯನ್ನು ತೊಳೆಯುವ ಕ್ರಮದಲ್ಲಿ ಒಂದು ಸೂಕ್ಷ್ಮವುಂಟು. ಸಾಬೂನಿನ ಗಸಿಗೆ ಮತ್ತಷ್ಟು ಸಾಬೂನು ಮದ್ದಲ್ಲ. ವಿನಿಗರಿನ ಅಸಿಟಿಕ್ ಆಮ್ಲದಲ್ಲಿ ಅರ್ಧ ಗಂಟೆ ನೆನೆಸಿದರೆ ಕ್ಯಾಲ್ಸಿಯಂ ಬಿಟ್ಟುಹೋಗುತ್ತದೆ. ಉಳಿಯುವ ಮೇದಾಮ್ಲವಾದರೂ ನೀರಿನಲ್ಲಿ ಕರಗದ ಜಿಡ್ಡೇ. ಆದುದರಿಂದ ಅನಂತರ ಉಗುರುಬೆಚ್ಚನೆಯ ನೀರಿನಲ್ಲಿ ಬಟ್ಟೆ ತೊಳೆಯುವ ಪುಡಿ ಹಾಕಿ ಉಜ್ಜಬೇಕು. ಕುದಿಯುವ ನೀರು ಕೂಡದು. ಪ್ಲಾಸ್ಟಿಕ್ ಮೆತ್ತಗಾಗಿ ಸೊಟ್ಟಾಗುತ್ತದೆ. ಆಮೇಲೆ ಬಿಸಿಲು.

ಕರಿಯ ಕಲೆ ಇಷ್ಟಕ್ಕೂ ಹೋಗದಿದ್ದಾಗ ಚೆಲುವೆ ಪುಡಿಯನ್ನೋ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವನ್ನೋ ಬಳಸುವುದು ವಾಡಿಕೆ. ಕಳೆದ ಮಳೆಗಾಲದಲ್ಲಿ ನಾವು ಮಾಡಿದ್ದೂ ಅದನ್ನೇ. ನೆಲಕ್ಕೆ ಮೊದಲೇ ಕಲ್ಲಿನ ಕಲೆ ತೆಗೆಯುವ ಹೈಡ್ರೊಕ್ಲೋರಿಕ್ ಆಮ್ಲವನ್ನು ಸುರಿದದ್ದು ಮರೆತು, ಅದರ ಮೇಲೆಯೇ ಹೈಪೋಕ್ಲೋರೈಟನ್ನು ಚೆಲ್ಲಿದೆವು. ಬಾಗಿಲು ಮುಚ್ಚಿತ್ತು. ಎರಡು ಉಸಿರಿನಲ್ಲಿ ಗಂಟಲು ಕಟ್ಟಿ, ಕಣ್ಣು ಉರಿದು, ಬಾಗಿಲು ತಡಕಾಡಿ ಹೊರಬಿದ್ದೆವು. ಮೂರು ದಿನ ಕೆಮ್ಮು ಬಿಡಲಿಲ್ಲ. ಆಮ್ಲವೂ ಹೈಪೋಕ್ಲೋರೈಟೂ ಕೂಡಿದರೆ ಕ್ಲೋರಿನ್ ಅನಿಲ ಹೊರಡುತ್ತದೆಂಬುದನ್ನು ಪಿ.ಯು.ಸಿ. ತರಗತಿಯಲ್ಲಿಯೇ ಓದಿದ್ದೆವು. 1915ರ ಏಪ್ರಿಲ್ 22ರಂದು ಈಪ್ರ್ ರಣರಂಗದಲ್ಲಿ ಜರ್ಮನರು ಹರಿಯಬಿಟ್ಟದ್ದು ಇದೇ ಅನಿಲ. ಇದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಕುಳಿತು ನೆಲ ಉಜ್ಜುವವರ ಮುಖದ ಮಟ್ಟದಲ್ಲಿಯೇ ನಿಲ್ಲುತ್ತದೆ. ಗಾಳಿಯ ಹತ್ತು ಲಕ್ಷ ಭಾಗಕ್ಕೆ 10 ಭಾಗ ಕ್ಲೋರಿನ್ ಇದ್ದರೆ ತತ್‌ಕ್ಷಣದ ಅಪಾಯವೆಂದು ಎಣಿಸುತ್ತಾರೆ. ನಮ್ಮ ಏಳೂವರೆ ಘನ ಮೀಟರಿನ ಕೋಣೆ ಆ ಮಟ್ಟ ಮುಟ್ಟಲು ಕಾಲು ಗ್ರಾಂ ಕ್ಲೋರಿನ್ ಸಾಕು. ನೂರಕ್ಕೆ 5ರ ಹೈಪೋಕ್ಲೋರೈಟ್ ದ್ರಾವಣ ಒಂದು ಲೋಟ, ಎಂದರೆ 200 ಮಿಲಿಲೀಟರು, ಪೂರ್ತಿ ವಿಘಟಿಸಿದರೆ ಹೊರಡುವುದು ಸುಮಾರು ಒಂಬತ್ತೂವರೆ ಗ್ರಾಂ! ವಿನಿಗರೂ ಆಮ್ಲವೇ, ನಿಂಬೆಯ ರಸವೂ ಆಮ್ಲವೇ. ಅಮೋನಿಯ ಬೆರೆತರೆ ಬೇರೊಂದು ವಿಷಾನಿಲ ಹುಟ್ಟುತ್ತದೆ. ಹೈಪೋಕ್ಲೋರೈಟನ್ನು ಬಳಸಲೇಬೇಕಾದರೆ ನೀರಿನೊಡನೆ ಮಾತ್ರ, ಬಾಗಿಲು ಕಿಟಕಿ ತೆರೆದು, ಬೇರೆ ದಿನ ಬಳಸಬೇಕು.

ಇಷ್ಟು ಮಾಡಿಯೂ ಅದು ಕಲೆಯ ಬಣ್ಣವನ್ನು ಕಳೆದಷ್ಟು ಸುಲಭವಾಗಿ ಬೂಷ್ಟಿನ ಎಳೆಗಳನ್ನು ಮುಟ್ಟುವುದಿಲ್ಲ. ನುಣುಪಾದ ಬಿಲ್ಲೆಯ ಮೇಲೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಬಿಲ್ಲೆಗಳ ನಡುವಣ ಸಿಮೆಂಟಿನ ರಂಧ್ರಗಳಲ್ಲಿ, ಪರದೆಯ ಅಂಚಿನ ಹೊಲಿಗೆಯಲ್ಲಿ ಹುದುಗಿರುವ ಎಳೆಗಳು ಉಳಿದುಕೊಂಡು, ತೇವ ಸಿಕ್ಕೊಡನೆ ಮತ್ತೆ ಚಿಗುರುತ್ತವೆ. ನಮ್ಮ ಪರದೆಯ ಕೆಳ ಅಂಚಿನ ಹೊಲಿಗೆ ಯಾವುದಕ್ಕೂ ಜಗ್ಗಲಿಲ್ಲ. ಕಡೆಗೆ ಕತ್ತರಿ ತಂದು ನಾಲ್ಕು ಬೆರಳಗಲದ ಆ ಅಂಚನ್ನೇ ಕತ್ತರಿಸಿ ಹಾಕಿದೆವು. ಪರದೆ ಈಗ ಅಷ್ಟು ಮೋಟಾಗಿದೆ, ನೆಲ ಮುಟ್ಟುವುದಿಲ್ಲ. ಬುಡದಲ್ಲಿ ಗಾಳಿ ಆಡುವುದರಿಂದ ಮೊದಲಿಗಿಂತ ಬೇಗ ಒಣಗುತ್ತದೆ.