ಹುಬ್ಬಳ್ಳಿ – ಮಂಗಳೂರು ವಿಮಾನ ಪ್ರಯಾಣ: ದೂರ, ಅವಧಿ ಮತ್ತು ಪರಿಹಾರದ ಅರ್ಜಿ

ವಿಮಾನ ರದ್ದಾದಾಗ ಪರಿಹಾರ ಕೋರುವ ಪ್ರಯಾಣಿಕರು ಅರ್ಜಿಯಲ್ಲಿ ಸಾಮಾನ್ಯವಾಗಿ ಊರಿಂದೂರಿಗೆ ಇರುವ ದೂರವನ್ನು ನಮೂದಿಸುತ್ತಾರೆ. ಆದರೆ ಪರಿಹಾರದ ಮೊತ್ತವು ಕಿಲೋಮೀಟರುಗಳ ಮೇಲೆ ನಿರ್ಧಾರವಾಗುವುದಿಲ್ಲ. ಅವಧಿಯ ಮೇಲೆ ನಿರ್ಧಾರವಾಗುತ್ತದೆ. ಹುಬ್ಬಳ್ಳಿ ಮತ್ತು ಮಂಗಳೂರು ವಿಮಾನ ನಿಲ್ದಾಣಗಳ ಉದಾಹರಣೆಯೊಂದಿಗೆ ಇದನ್ನು ಸಾರ್ವಜನಿಕರ ಮಾಹಿತಿಗಾಗಿ ವಿವರಿಸಲಾಗಿದೆ.

ಯಲ್ಲಾಪುರ, ಅಂಕೋಲಾ ಮಾರ್ಗವಾಗಿ ಈ ಎರಡು ನಗರಗಳ ನಡುವಿನ ರಸ್ತೆ ದೂರ 350 ಕಿ.ಮೀ. ಆಸುಪಾಸಿನಲ್ಲಿದೆ. ಎರಡೂ ನಿಲ್ದಾಣಗಳ ನಡುವಿನ ನೇರ ವಾಯುದೂರ ಸುಮಾರು 268 ಕಿ.ಮೀ., ಅಂದರೆ 145 ನಾಟಿಕಲ್ ಮೈಲಿ. ಗಂಟೆಗೆ 500 ಕಿ.ಮೀ. ವೇಗದ ಎಟಿಆರ್ ವಿಮಾನಕ್ಕೆ ಇದು ಲೆಕ್ಕದಲ್ಲಿ ಅರ್ಧ ಗಂಟೆಯ ದಾರಿ. ಆದರೆ ವೇಳಾಪಟ್ಟಿಯಲ್ಲಿ ಅಷ್ಟು ಕಡಿಮೆ ಅವಧಿ ಕಾಣುವುದಿಲ್ಲ. ವಿಮಾನವು ನಿಂತ ಸ್ಥಳದಿಂದ ಕದಲಿದ ಕ್ಷಣದಿಂದ, ಇನ್ನೊಂದು ನಿಲ್ದಾಣದಲ್ಲಿ ಪೂರ್ಣವಾಗಿ ನಿಲ್ಲುವವರೆಗಿನ ಸಮಯವನ್ನು ‘ಬ್ಲಾಕ್ ಟೈಮ್’ ಎಂದು ಪರಿಗಣಿಸಲಾಗುತ್ತದೆ. ರನ್‌ವೇವರೆಗಿನ ಚಲನೆ, ಮೇಲೇರುವುದು, ಇಳಿಯುವ ಸರದಿಗೆ ಕಾಯುವುದು ಎಲ್ಲವೂ ಇದರಲ್ಲಿ ಸೇರಿವೆ.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2016ರಲ್ಲಿ ಪರಿಷ್ಕರಿಸಿದ ನಿಯಮದಂತೆ, ನಿಗದಿತ ಮುನ್ಸೂಚನೆ ನೀಡದೆ ವಿಮಾನ ರದ್ದುಪಡಿಸಿದಲ್ಲಿ, ಬ್ಲಾಕ್ ಟೈಮ್ ಒಂದು ಗಂಟೆಯವರೆಗೆ ಇದ್ದರೆ 5,000 ರೂ., ಒಂದರಿಂದ ಎರಡು ಗಂಟೆಯವರೆಗೆ ಇದ್ದರೆ 7,500 ರೂ., ಎರಡು ಗಂಟೆ ಮೀರಿದರೆ 10,000 ರೂ. ಪರಿಹಾರವಿದೆ. ಮೂಲ ಪ್ರಯಾಣದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತವು ಇದಕ್ಕಿಂತ ಕಡಿಮೆಯಿದ್ದರೆ ಆ ಮೊತ್ತ ಮಾತ್ರ ದೊರೆಯುತ್ತದೆ. ಟಿಕೆಟ್ ಹಣದ ಮರುಪಾವತಿ ಇದರಿಂದ ಪ್ರತ್ಯೇಕ. ಆದ್ದರಿಂದ ವೇಳಾಪಟ್ಟಿಯಲ್ಲಿ 60 ನಿಮಿಷವಿದೆಯೋ 65 ನಿಮಿಷವಿದೆಯೋ ಎಂಬುದು ಈ ಮಾರ್ಗದಂತಹ ಕಿರು ಪ್ರಯಾಣಗಳಲ್ಲಿ ಸಣ್ಣ ವಿಷಯವಲ್ಲ.

ವೇಳಾಪಟ್ಟಿಯು ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರಗಳಂದು ಬದಲಾಗುತ್ತದೆ. ನೇರ ವಿಮಾನವಿಲ್ಲದ ಅವಧಿಯಲ್ಲಿ ಬೆಂಗಳೂರಿನ ಮೂಲಕ ಹೋಗುವವರು ಸುಮಾರು 371 ಮತ್ತು 306, ಒಟ್ಟು 677 ಕಿ.ಮೀ. ಕ್ರಮಿಸಬೇಕಾಗುತ್ತದೆ. ಅಂತಹವರು ಎರಡೂ ಹಂತಗಳನ್ನು ಒಂದೇ ಟಿಕೆಟ್ ಸಂಖ್ಯೆಯಲ್ಲಿ ಕಾಯ್ದಿರಿಸುವುದು ಅತ್ಯವಶ್ಯಕ. ಸಂಪರ್ಕ ವಿಮಾನ ತಪ್ಪಿದ್ದಕ್ಕೆ ಪರಿಹಾರವು ಒಂದೇ ಟಿಕೆಟ್ ಸಂಖ್ಯೆಯಿದ್ದಲ್ಲಿ ಮಾತ್ರ ಅನ್ವಯಿಸುತ್ತದೆ. ನೂರಿನ್ನೂರು ರೂಪಾಯಿ ಉಳಿಸಲು ಬೇರೆ ಬೇರೆ ಟಿಕೆಟ್ ಕೊಳ್ಳುವವರು ಇದನ್ನು ಯೋಚಿಸತಕ್ಕದ್ದು.

ಮಂಗಳೂರು ನಿಲ್ದಾಣವು ಗುಡ್ಡದ ನೆತ್ತಿಯ ಮೇಲಿದ್ದು, ಮುಂಗಾರಿನಲ್ಲಿ ಮೋಡ ಕವಿದು ವಿಮಾನಗಳು ಬೇರೆಡೆಗೆ ತಿರುಗುವುದುಂಟು. ಹವಾಮಾನದ ಕಾರಣದಿಂದ ರದ್ದಾದಲ್ಲಿ ಮೇಲ್ಕಂಡ ಪರಿಹಾರ ಲಭ್ಯವಿಲ್ಲ. ಮರುಪಾವತಿ ಅಥವಾ ಬದಲಿ ವಿಮಾನ ಪಡೆಯಬಹುದು. ಸಂದರ್ಶನ, ಪರೀಕ್ಷೆ ಅಥವಾ ನ್ಯಾಯಾಲಯದ ದಿನಾಂಕವಿರುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿಂದಿನ ದಿನವೇ ತಲುಪುವುದು ಸೂಕ್ತ.

ಟಿಕೆಟ್ ಕಾಯ್ದಿರಿಸುವಾಗ ತಮ್ಮದೇ ಮೊಬೈಲ್ ಸಂಖ್ಯೆ ನೀಡಬೇಕು. ಸಂಪರ್ಕ ವಿವರ ಸಮರ್ಪಕವಾಗಿಲ್ಲದಿದ್ದರೆ ಪರಿಹಾರವನ್ನು ನಿರಾಕರಿಸಲು ಅವಕಾಶವಿದೆ. ಅರ್ಜಿಯನ್ನು ಮೊದಲು ವಿಮಾನಯಾನ ಸಂಸ್ಥೆಗೆ, ಸ್ಪಂದನೆ ದೊರೆಯದಿದ್ದಲ್ಲಿ ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯದ ‘ಏರ್‌ಸೇವಾ’ ಜಾಲತಾಣದಲ್ಲಿ ಸಲ್ಲಿಸಬಹುದು. ಟಿಕೆಟ್ ಪ್ರತಿ ಮತ್ತು ರದ್ದತಿ ಸಂದೇಶ ಬಂದ ದಿನಾಂಕ, ವೇಳೆಯನ್ನು ಲಗತ್ತಿಸುವುದು.