‘ಖಬರ್ ಇಲ್ಲ’ ಅಂದರೆ ಏನರ್ಥ?

ಗಡಹಿಂಗ್ಲಜ್ ಕಡೆಯ ಕನ್ನಡಿಗರೊಬ್ಬರು ಆಸ್ಪತ್ರೆಯಿಂದ ಫೋನ್ ಮಾಡಿ ‘ಅಜ್ಜಗ ಖಬರ್ ಇಲ್ರೀ’ ಎಂದರೆ ಮಂಗಳೂರಿನವರು ಏನೆಂದುಕೊಳ್ಳಬೇಕು? ಅಜ್ಜನಿಗೆ ಯಾವುದೋ ಸುದ್ದಿ ತಲುಪಿಲ್ಲ ಎಂದುಕೊಂಡು ಸುಮ್ಮನೆ ಕೂತರೆ ಕೆಲಸ ಕೆಟ್ಟಿತು. ಅಜ್ಜನಿಗೆ ಪ್ರಜ್ಞೆ ತಪ್ಪಿದೆ ಎನ್ನುವುದೇ ಆ ಮಾತಿನ ಅರ್ಥ.

ಅರಬಿಯಲ್ಲಿ ‘ಖಬರ್’ ಎಂದರೆ ಸುದ್ದಿ. ಎಲ್ಲವನ್ನೂ ಬಲ್ಲವನು ಎಂಬರ್ಥದ ‘ಅಲ್ ಖಬೀರ್’ ಎಂಬ ಅಲ್ಲಾಹನ ನಾಮವೂ ಇದೇ ಮೂಲದ್ದು. ಉತ್ತರ ಕರ್ನಾಟಕ ಮತ್ತು ಗಡಿ ಭಾಗದ ಕನ್ನಡಕ್ಕೆ ಬಂದ ಮೇಲೆ ಪದದ ಅರ್ಥ ಎಚ್ಚರ, ಪರಿವೆ ಎಂದಾಯಿತು. ಮೈಮರೆತವನಿಗೆ ‘ಖಬರ್ ಐತಿಲ್ಲೋ ನಿನಗ?’ ಎಂಬ ಗದರಿಕೆ. ಪರಿವೆ ಇಲ್ಲದವನು ‘ಖಬರಗೇಡಿ’. ಅರಬಿ ತಲೆಗೆ ಅಚ್ಚಗನ್ನಡ ಬಾಲ! ಎಲ್ಲರಿಗೂ ಗೊತ್ತಿರುವ ‘ಖಬರ್ದಾರ್’ಗೆ ಮಾತ್ರ ಪಾರ್ಸಿಯ ಬಾಲ.

ಕೊಲ್ಹಾಪುರ, ಇಚಲಕರಂಜಿಯ ಮರಾಠಿಯಲ್ಲಿ ಇದು ತಿರುವುಮುರುವು. ಅಲ್ಲಿ ‘ಖಬರ್’ ಸುದ್ದಿಯಾಗಿಯೇ ಉಳಿದಿದೆ; ಪ್ರಜ್ಞೆಗೆ ‘ಶುದ್ಧ್’, ಪ್ರಜ್ಞೆ ತಪ್ಪಿದವರಿಗೆ ‘ಬೇಶುದ್ಧ್’ ಎನ್ನುತ್ತಾರೆ. ಕನ್ನಡದ ‘ಸುದ್ದಿ’ ಹುಟ್ಟಿದ್ದೂ ಸಂಸ್ಕೃತದ ಅದೇ ‘ಶುದ್ಧಿ’ಯಿಂದ. ಅಂದರೆ ಗಡಿಯ ಒಂದೇ ಸಂತೆಯಲ್ಲಿ ಸುದ್ದಿಯ ಪದ ಪ್ರಜ್ಞೆಯಾಗಿದೆ, ಪ್ರಜ್ಞೆಯ ಪದ ಸುದ್ದಿಯಾಗಿದೆ.

ಕರಾವಳಿಯವರಿಗೆ ಇನ್ನೂ ಒಂದು ತೊಡಕು. ಇಲ್ಲಿ ‘ಖಬರ್’ ಎಂದಕೂಡಲೇ ನೆನಪಾಗುವುದು ಗೋರಿ, ಖಬರ್‌ಸ್ಥಾನ. ಅರಬಿಯಲ್ಲಿ ಅದು ಬೇರೆಯೇ ಅಕ್ಷರದ, ಬೇರೆಯೇ ಮೂಲದ ಪದ. ಕನ್ನಡದ ಬರವಣಿಗೆಯಲ್ಲಿ ಎರಡೂ ಒಂದಾಗಿಬಿಟ್ಟಿವೆ. ಹಾಗಾಗಿ ಗಡಹಿಂಗ್ಲಜ್‌ನಿಂದ ‘ಅಜ್ಜಗ ಖಬರ್ ಬಂತ್ರೀ’ ಎಂಬ ಫೋನ್ ಬಂದರೆ ಯಾರೂ ಗಾಬರಿಯಾಗಬೇಕಿಲ್ಲ. ಅಜ್ಜ ಕಣ್ಣು ಬಿಟ್ಟಿದ್ದಾರೆ.