ಕಿವಿಯಿಂದ ಕೋಷ್ಟಕಕ್ಕೆ

ಕಾರ್ಬುರೇಟರ್ ಕಾಲದ ಮೆಕ್ಯಾನಿಕ್‌ಗೆ ಟ್ಯೂನಿಂಗ್ ಅಂದರೆ ಒಂದು ಸ್ಕ್ರೂಡ್ರೈವರ್, ಎರಡು ಕಿವಿ. ಐಡ್ಲಿಂಗ್ ಸ್ಕ್ರೂವನ್ನು ಕಾಲು ಸುತ್ತು ಬಿಗಿದು, ಮತ್ತೆ ಸಡಿಲಿಸಿ, ಸದ್ದು ಹದಕ್ಕೆ ಬಂದಾಗ ಕೈಬಿಡುತ್ತಿದ್ದ. ಪ್ಲಗ್ ಬಿಚ್ಚಿದಾಗ ಮಸಿ ಕಂಡರೆ ಪೆಟ್ರೋಲ್ ಜಾಸ್ತಿ, ಬಿಳಿಚಿಕೊಂಡಿದ್ದರೆ ಕಡಿಮೆ. ಅದೇ ಕೆಲಸವನ್ನು ಈಗ ಲ್ಯಾಪ್‌ಟಾಪ್ ಮುಂದೆ ಕೂತು ಮಾಡುತ್ತಾರೆ.

ಇದನ್ನು ಬದಲಿಸಿದ್ದು ವೇಗದ ಹುಚ್ಚಲ್ಲ, ಹೊಗೆ. ಅಮೆರಿಕದ ಬೆಂಡಿಕ್ಸ್ ಕಂಪನಿ 1950ರ ದಶಕದಲ್ಲೇ, ಕಾರ್ಬುರೇಟರ್ ಬದಲು ಪೆಟ್ರೋಲನ್ನು ಅಳೆದು ಚಿಮ್ಮಿಸುವ ಎಲೆಕ್ಟ್ರಾನಿಕ್ ಇಂಜೆಕ್ಷನ್ ಮಾಡಿತ್ತು. ಅದು ಕೈಕೊಟ್ಟು, ಆ ಕಾರುಗಳಲ್ಲಿ ಹೆಚ್ಚಿನವಕ್ಕೆ ಮತ್ತೆ ಕಾರ್ಬುರೇಟರೇ ಬಂತು. ಕ್ಯಾಲಿಫೋರ್ನಿಯಾದಲ್ಲಿ ಹೊಗೆಯ ಕಾನೂನು ಬಿಗಿಯಾದಾಗ, 1967ರಲ್ಲಿ, ಜರ್ಮನಿಯ ಬಾಷ್ ಫೋಕ್ಸ್‌ವ್ಯಾಗನ್ 1600 ಕಾರಿಗೆ ಡಿ-ಜೆಟ್ರಾನಿಕ್ ಎಂಬ ಇಂಜೆಕ್ಷನ್ ಕೂರಿಸಿತು. 1976ರಲ್ಲಿ ವೋಲ್ವೊ ಕಾರಿಗೆ, ಹೊಗೆ ನೋಡಿ ಪೆಟ್ರೋಲ್-ಗಾಳಿಯ ಹದ ತಿಳಿಸುವ ಲ್ಯಾಂಬ್ಡಾ ಸೆನ್ಸರ್ ಬಂತು. 1979ರಲ್ಲಿ ಬಿಎಂಡಬ್ಲ್ಯು 732ಐ ಮೂಲಕ ಬಂದ ಮೋಟ್ರಾನಿಕ್, ಪೆಟ್ರೋಲನ್ನೂ ಕಿಡಿಯನ್ನೂ ಒಂದೇ ಡಬ್ಬಿಗೆ ಒಪ್ಪಿಸಿತು. ನಮ್ಮಲ್ಲೂ ಕಾರಣ ಅದೇ: ದೆಹಲಿಯ ಹೊಗೆ ಕುರಿತು 1999ರಲ್ಲಿ ಸುಪ್ರೀಂ ಕೋರ್ಟ್ ಚುರುಕು ಮುಟ್ಟಿಸಿದ ಮೇಲೆ ಮಾರುತಿ 800ಕ್ಕೂ ಎಂಪಿಎಫ್‌ಐ ಎಂಬ ಇಂಜೆಕ್ಷನ್ ಬಂತು.

ಡಬ್ಬಿ ಬಂದಿತು, ಆದರೆ ಅದಕ್ಕೆ ಸ್ಕ್ರೂ ಇರಲಿಲ್ಲ. ಒಳಗಿದ್ದದ್ದು ಒಂದು ಕೋಷ್ಟಕ: ಇಷ್ಟು ಆರ್‌ಪಿಎಂ, ಇಷ್ಟು ಲೋಡ್ ಇದ್ದರೆ ಇಂಜೆಕ್ಟರ್ ಇಷ್ಟು ಮಿಲಿಸೆಕೆಂಡ್ ತೆರೆದಿರಲಿ. 1980ರ ದಶಕದ ಹುಷಾರಿಗಳು ಆ ಕೋಷ್ಟಕವಿದ್ದ ಚಿಪ್ಪನ್ನೇ ಕಿತ್ತು, ಅಂಕಿ ತಿದ್ದಿ ಬರೆದ ಇನ್ನೊಂದನ್ನು ಕೂರಿಸಿದರು. 2001ರಲ್ಲಿ ಬ್ರೂಸ್ ಬೌಲಿಂಗ್ ಮತ್ತು ಆಲ್ ಗ್ರಿಪ್ಪೊ ಎಂಬಿಬ್ಬರು ಮೆಗಾಸ್ಕ್ವರ್ಟ್ ಹೊರತಂದರು. ಕಿಟ್ ತರಿಸಿ, ಬಿಡಿಭಾಗಗಳನ್ನು ತಾವೇ ಬೆಸುಗೆ ಹಾಕಿ ಕಟ್ಟಿಕೊಳ್ಳುವ ಇಸಿಯು, ಅಂದರೆ ಅಂಥದೇ ಡಬ್ಬಿ, ಅದು. ಗುಟ್ಟಾಗಿದ್ದ ವಿದ್ಯೆ ಹವ್ಯಾಸಿಗಳ ಮನೆಯ ಶೆಡ್ಡಿಗೆ ಇಳಿದದ್ದು ಹಾಗೆ. ನನ್ನ ಪ್ರಕಾರ ಈ ಕಸುಬಿಗೆ ದೊಡ್ಡ ಉಪಕಾರ ಮಾಡಿದ್ದು ಯಾವ ಕಂಪನಿಯೂ ಅಲ್ಲ, ಆ ಕಿಟ್.

ಆದರೆ ಅಂಕಿ ತಿದ್ದಲು ಬಂದ ಮಾತ್ರಕ್ಕೆ ಟ್ಯೂನರ್ ಆಗುವುದಿಲ್ಲ. ಅಂಕಿಯನ್ನು ಅನುಮಾನಿಸಲು ಕಲಿಯಬೇಕು. ಪೆಟ್ರೋಲ್ ಪೂರ್ತಿ ಸುಡಲು ಕೆಜಿಗೆ 14.7 ಕೆಜಿ ಗಾಳಿ ಬೇಕು ಎಂಬುದು ಮೊದಲ ಪಾಠ. ಎರಡನೆಯದು ಮೋಸದ್ದು. ಲ್ಯಾಂಬ್ಡಾ ಸೆನ್ಸರ್ ಅಳೆಯುವುದು ಪೆಟ್ರೋಲನ್ನಲ್ಲ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು. ಪ್ಲಗ್ ಕೆಟ್ಟು ಇಂಜಿನ್ ಮಿಸ್ಸಿಂಗ್ ಹೊಡೆದರೆ ಸುಡದ ಪೆಟ್ರೋಲಿನ ಜತೆ ಬಳಕೆಯಾಗದ ಆಮ್ಲಜನಕವೂ ಹೊರಬೀಳುತ್ತದೆ. ಸೆನ್ಸರ್ ‘ಪೆಟ್ರೋಲ್ ಕಡಿಮೆ’ ಎನ್ನುತ್ತದೆ. ಹೊಸಬ ಅದನ್ನು ನಂಬಿ ಇನ್ನಷ್ಟು ಸುರಿಯುತ್ತಾನೆ. ಅನುಭವಸ್ಥ ಲ್ಯಾಪ್‌ಟಾಪ್ ಮುಚ್ಚಿ ಪ್ಲಗ್ ಬಿಚ್ಚುತ್ತಾನೆ.

ಆಮೇಲೆ ಡೈನೊ. ಚಕ್ರಗಳನ್ನು ರೋಲರ್ ಮೇಲೆ ಓಡಿಸಿ, ವೇಗ ಕದಲದಂತೆ ಹಿಡಿದು, ಕೋಷ್ಟಕದ ಒಂದೊಂದೇ ಮನೆ ತುಂಬುವುದು. ಪೆಟ್ರೋಲ್ ಹದವಾದ ಮೇಲೆ ಕಿಡಿಯನ್ನು ಒಂದೊಂದು ಡಿಗ್ರಿ ಮುಂದಕ್ಕೆ ತರುತ್ತಾ ಹೋದರೆ ಟಾರ್ಕ್ ಏರುತ್ತದೆ. ಒಂದು ಹಂತದಲ್ಲಿ ನಿಲ್ಲುತ್ತದೆ. ಅಲ್ಲಿಂದಾಚೆ ಸಿಗುವುದು ಬರೀ ಶಾಖ. ಟರ್ಬೊ ಇಂಜಿನ್ನುಗಳಲ್ಲಂತೂ ಎಷ್ಟೋ ಸಲ ಆ ಹಂತಕ್ಕೆ ಮೊದಲೇ ನಾಕಿಂಗ್, ಅಂದರೆ ಪೆಟ್ರೋಲ್ ತಾನಾಗಿ ಸಿಡಿದು ಬಡಿಯುವ ಸದ್ದು, ಶುರುವಾಗುತ್ತದೆ. ಪಿಸ್ಟನ್ ತೂತಾಗಲು ಹೆಚ್ಚು ಹೊತ್ತು ಬೇಡ. ಅದಕ್ಕೇ ಇಂಜಿನ್ ಬ್ಲಾಕಿಗೆ ಮೈಕ್ ಕಟ್ಟಿ ಹೆಡ್‌ಫೋನ್ ಹಾಕಿಕೊಂಡು ಕೂರುವವರಿದ್ದಾರೆ. ಕಿವಿಯ ಕೆಲಸ ಪೂರ್ತಿ ಹೋಗಿಲ್ಲ!



ಪೂರ್ತಿ ಆಕ್ಸಿಲರೇಟರ್ ಒತ್ತಿದಾಗಿನ ಟ್ಯೂನಿಂಗ್‌ಗೆ ಅರ್ಧ ದಿನ ಸಾಕು; ಜನ ಕೇಳುವುದೂ ಅಷ್ಟನ್ನೇ, ‘ಎಷ್ಟು ಎಚ್‌ಪಿ ಬಂತು?’ ಸತಾಯಿಸುವುದು ಕೋಲ್ಡ್ ಸ್ಟಾರ್ಟ್. ಇಂಜಿನ್ ಪೂರ್ತಿ ತಣ್ಣಗಾಗಲು ರಾತ್ರಿಯಿಡೀ ಬೇಕು. ಹಾಗಾಗಿ ಬೆಳಿಗ್ಗೆಗೊಂದೇ ಪ್ರಯತ್ನ. ಇದೇ ಕೆಲಸಕ್ಕಾಗಿ ಕಾರು ಕಂಪನಿಗಳ ಕ್ಯಾಲಿಬ್ರೇಷನ್ ಇಂಜಿನಿಯರುಗಳು ಹಿಮ ಬೀಳುವ ಊರುಗಳಿಗೆ ಹೋಗಿ ತಿಂಗಳುಗಟ್ಟಲೆ ಬೀಡುಬಿಡುತ್ತಾರೆ. ಗ್ಯಾರೇಜಿನ ಟ್ಯೂನರ್‌ಗೆ ಅಷ್ಟು ಬಿಡುವೂ ಇಲ್ಲ, ಗಿರಾಕಿಗೆ ಅಷ್ಟು ತಾಳ್ಮೆಯೂ ಇಲ್ಲ.